‘ಕೀಳರಿಮೆ’ ಯಾರ ಕಾಯಿಲೆ?

ಮನಶ್ಶಾಸ್ತ್ರದ ಮೊದಲ ಪಾಠಗಳಲ್ಲಿ ಆಡ್ಲರ್‌ನ ಹೆಸರಿನೊಂದಿಗೆ ಬರುವ ‘ಕೀಳರಿಮೆ’ ಎಂಬ ಪದವನ್ನು ನಾವು ತೀರಾ ಸಲೀಸಾಗಿ ಬಳಸುತ್ತೇವೆ. ದಲಿತ ಹುಡುಗ ತರಗತಿಯಲ್ಲಿ ಬಾಯಿ ಬಿಡದಿದ್ದರೆ ‘ಅವನಿಗೆ ಕೀಳರಿಮೆ’ ಅಂದುಬಿಡುತ್ತೇವೆ. ದಲಿತ ಲೇಖಕ ಸಿಟ್ಟಿನಿಂದ ಬರೆದರೂ ಕೆಲವು ವಿಮರ್ಶಕರಿಗೆ ಅದೇ ಪದ ಸಾಕು. ಮೌನಕ್ಕೂ ಸಿಟ್ಟಿಗೂ ಒಂದೇ ಔಷಧಿ ಚೀಟಿ!

ಶಿವಮೊಗ್ಗದಲ್ಲಿ ನಾನು ಈ ಪಾಠ ಮಾಡುವಾಗ ಭದ್ರಾವತಿಯಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ‘ಅಲ್ಲಾ ಸಾರ್, ಕೀಳು ಅನ್ನೋ ಅರಿವು ಹುಟ್ಟುತ್ಲೇ ಬರುತ್ತಾ, ಯಾರಾದ್ರೂ ಹೇಳ್ಕೊಡ್ತಾರಾ?’ ಪದವನ್ನೇ ಒಡೆದು ನೋಡಿದ ಈ ಪ್ರಶ್ನೆ ನಮ್ಮ ವಿಮರ್ಶೆಗೆ ಬೇಕಾದದ್ದು. ದೊಡ್ಡವರ ಮುಂದೆ ತಾನು ಚಿಕ್ಕವನೆಂಬ ಭಾವನೆ ಎಲ್ಲ ಮಕ್ಕಳಲ್ಲೂ ಇರುತ್ತದೆ, ಬೆಳೆಯುತ್ತಾ ಅದನ್ನು ಮೀರಲು ಮಗು ಹೆಣಗುತ್ತದೆ ಎಂಬುದು ಆಡ್ಲರ್‌ನ ವಿಚಾರ. ಆದರೆ ಕೇರಿಯ ಮಗು ಬೆಳೆದು ಮೇಷ್ಟ್ರಾದರೂ ಅದನ್ನು ಚಿಕ್ಕದಾಗಿಯೇ ಇಡುವ ಊರಿನ ಬಗ್ಗೆ ಏನು ಹೇಳುವುದು?

ಇದಕ್ಕೆ ಉತ್ತರ ಪ್ರಯೋಗದಲ್ಲೇ ಸಿಕ್ಕಿದೆ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕಿಯರು ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟು ಕೊಟ್ಟರು, ಬಿಡಿಸಿದವರಿಗೆ ಹಣ. ಜಾತಿ ಹೇಳದಿದ್ದಾಗ ದಲಿತ ಹುಡುಗರೂ ಮೇಲ್ಜಾತಿಯವರೂ ಸರಿಸಮ. ಎಲ್ಲರೆದುರು ಜಾತಿ ಹೇಳಿದ ಗುಂಪುಗಳಲ್ಲಿ ಮಾತ್ರ ದಲಿತ ಹುಡುಗರು ಹಿಂದೆ ಬಿದ್ದರು. 2006ರಲ್ಲಿ ಇದು ಪ್ರಕಟವಾಯಿತು. ವ್ಯತ್ಯಾಸ ಬುದ್ಧಿಯದಲ್ಲ, ಕೋಣೆಯಲ್ಲಿ ಕೇಳಿಸಿದ ಮಾತಿನದು.

ಜಾತಿ ಮನಸ್ಸಿನ ಒಂದು ಸ್ಥಿತಿಯೆಂದು ಅಂಬೇಡ್ಕರ್ 1936ರಲ್ಲೇ ಗುರುತಿಸಿದ್ದರು. ಅದನ್ನು ಕೇವಲ ದಲಿತರ ಮನಸ್ಸೆಂದು ಓದಿಕೊಂಡದ್ದು ನಮ್ಮ ಜಾಣತನ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಆತ್ಮಕಥೆಯ ಹೆಸರನ್ನೇ ನೋಡಿ. ಮೀಸಲಾತಿ ಪಡೆದವರನ್ನು ಚುಚ್ಚುವ ಮಾತನ್ನು ಲೇಖಕರು ಪುಸ್ತಕದ ನೆತ್ತಿಯ ಮೇಲೆ ಇಟ್ಟಿದ್ದಾರೆ. ಅಲ್ಲಿ ಪರೀಕ್ಷೆಗೆ ಒಳಗಾಗುವುದು ಚುಚ್ಚಿದವರ ಮನಸ್ಸು. ಅದನ್ನು ಲೇಖಕರ ಕೀಳರಿಮೆಯ ದಾಖಲೆಯಾಗಿ ಓದಿದರೆ ಪುಸ್ತಕ ಕೈತಪ್ಪುತ್ತದೆ.

ಭದ್ರಾವತಿಯಲ್ಲಿ ಕನ್ನಡ ಪಾಠ ಮಾಡುತ್ತಲೇ ಪ್ರೊ. ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ಗೆಳೆಯರೊಡನೆ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಕೀಳರಿಮೆಗೆ ಆ ಚಳವಳಿ ಕೊಟ್ಟ ಮದ್ದು ಆಪ್ತಸಲಹೆಯಲ್ಲ, ಸಂಘಟನೆ. ಬಗ್ಗಿಸಿದವರನ್ನು ಬಿಟ್ಟು ಬಗ್ಗಿದವನಿಗಷ್ಟೇ ‘ಆತ್ಮವಿಶ್ವಾಸ ಬೆಳೆಸಿಕೋ’ ಎಂದು ಅದು ಹೇಳಲಿಲ್ಲ.

ಹಾಗಂತ ಮನಶ್ಶಾಸ್ತ್ರ ಬೇಡವೆನ್ನುತ್ತಿಲ್ಲ. ನಮ್ಮ ಮಕ್ಕಳು ಓದಲೇಬೇಕು. ಆದರೆ ‘ಕೀಳರಿಮೆ’ಯ ಪಕ್ಕದಲ್ಲೇ ಇರುವ ‘ಮೇಲರಿಮೆ’ಯ ಪುಟವನ್ನು ಅವಸರದಲ್ಲಿ ಮಗುಚಬಾರದು. ಅದು ಯಾವ ಮನೆಗಳಲ್ಲಿ, ಯಾವ ವಯಸ್ಸಿನಲ್ಲಿ, ಯಾರ ಬಾಯಿಂದ ಕಲಿತ ಪಾಠ ಎಂದು ಕೇಳುವ ಕೆಲಸ ಬಾಕಿ ಇದೆ.