ಹೆಂಚು ಇಳಿದ ದಿನ

ದೀಪಾವಳಿಗೆ ವಿಶೇಷಾಂಕಗಳಿವೆ, ಹೆಚ್ಚುವರಿ ಬಸ್ಸುಗಳಿವೆ, ಜಾಹೀರಾತಿನಲ್ಲಿ ಒಂದೇ ಸೋಫಾದ ಮೇಲೆ ನಗುವ ಮೂರು ತಲೆಮಾರುಗಳಿವೆ. ಸರ್ಕಾರದ 2025ರ ಸಾರ್ವತ್ರಿಕ ರಜೆ ಪಟ್ಟಿಯಲ್ಲಿ ನರಕ ಚತುರ್ದಶಿಗೂ ಬಲಿಪಾಡ್ಯಮಿಗೂ ಜಾಗ ಸಿಕ್ಕಿತ್ತು; ಜುಲೈ 29ರ ನಾಗರ ಪಂಚಮಿಗೆ ಸಿಗಲಿಲ್ಲ. ಆದರೆ ಕಾನಹೊಸಹಳ್ಳಿ, ಕೊಟ್ಟೂರು, ಹಡಗಲಿ ಕಡೆಯ ಹೆಣ್ಣುಮಕ್ಕಳನ್ನು ಕೇಳಿದರೆ ತವರಿನ ಹಬ್ಬವೆಂದರೆ ಪಂಚಮಿಯೇ.

ಹೊಗಳುವವರೂ ಈ ಹಬ್ಬವನ್ನು ತಪ್ಪಾಗಿ ಹೊಗಳಿದ್ದಾರೆ. ಓಂ ಸಾಯಿಪ್ರಕಾಶ್ ನಿರ್ದೇಶನದ ‘ತವರಿಗೆ ಬಾ ತಂಗಿ’ (2002) ಬಂದ ಮೇಲಂತೂ ತವರು ಎಂದರೆ ಅಣ್ಣನ ಕಣ್ಣೀರು ಎಂದೇ ಆಗಿಹೋಯಿತು. ಇನ್ನು ಕೆಲವರಿಗೆ ಇದು ‘ಕುಟುಂಬವನ್ನು ಒಂದುಗೂಡಿಸುವ’ ಹಬ್ಬ. ಹಾಗಿಲ್ಲ. ಪಂಚಮಿ ಮೊದಲು ಮನೆಯನ್ನು ಒಡೆಯುತ್ತದೆ. ಸೊಸೆ ಚೀಲ ಹಿಡಿದು ಹೊರಡುತ್ತಾಳೆ, ಅದೇ ಹೊತ್ತಿಗೆ ಮಗಳು ಬಸ್ಸಿಳಿಯುತ್ತಾಳೆ. ಅತ್ತೆಯಾದವಳು ಅವತ್ತು ಬರೀ ಅವ್ವ. ಗಂಡ ಎನ್ನುವ ಪ್ರಾಣಿ ಹೆಂಡತಿಯಿಲ್ಲದ ಮನೆಯಲ್ಲಿ ಅಕ್ಕತಂಗಿಯರ ನಡುವೆ ಮತ್ತೆ ತಮ್ಮನಾಗಿ ಕೂತಿರುತ್ತಾನೆ.

ಈ ಅದಲುಬದಲು ಹೇಗೆ ಸಾಧ್ಯವಾಯಿತು? ಉತ್ತರ ಒಂದು ಸಣ್ಣ ಕಟ್ಟಳೆಯಲ್ಲಿದೆ: ಪಂಚಮಿಯಂದು ಒಲೆಯ ಮೇಲೆ ಹೆಂಚು ಇಡುವಂತಿಲ್ಲ. ನೆಲ ಅಗೆಯುವಂತಿಲ್ಲ, ತರಕಾರಿ ಹೆಚ್ಚುವಂತಿಲ್ಲ ಎಂಬ ನಿಷೇಧಗಳ ಸಾಲಿನಲ್ಲಿ ಇದೂ ಒಂದು. ನಾಗಪ್ಪನಿಗೆ ನೋವಾಗುತ್ತದೆ ಎಂಬುದು ಕೊಡುವ ಕಾರಣ. ಜೋಳದ ಸೀಮೆಯಲ್ಲಿ ಹೆಂಚು ನಿಂತಿತೆಂದರೆ ದಿನವೂ ರೊಟ್ಟಿ ಬಡಿಯುವ ಸದ್ದೇ ನಿಂತಿತು. ಮುಂಚಿನ ರೊಟ್ಟಿ ಹಬ್ಬದಲ್ಲಿ ಸುಟ್ಟ ಖಡಕ್ ರೊಟ್ಟಿ, ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳಿಟ್ಟು. ಆಮೇಲೆ ಹಬೆಯಲ್ಲಿ ಬೆಂದ ಕಡುಬು. ಸೊಸೆ ಇಲ್ಲದಿದ್ದರೂ ಮನೆ ಉಣ್ಣುತ್ತದೆ. ಅವಳ ಬಿಡುವನ್ನು ಗಂಡನ ಮನೆಯವರ ಔದಾರ್ಯಕ್ಕೆ ಬಿಡದೆ ನಾಗಪ್ಪನ ಹೆಸರಿನಲ್ಲಿ ಕಟ್ಟಳೆ ಮಾಡಿಟ್ಟ ಜಾಣ್ಮೆ ಇದು. ಶಾಸ್ತ್ರ ಹೀಗೆ ಹೇಳುವುದಿಲ್ಲ, ಅಡುಗೆಮನೆ ಹೇಳುತ್ತದೆ.

ಹೊಲಕ್ಕೂ ಇದೇ ಮಾತು. ಕೂಡ್ಲಿಗಿ ಸೀಮೆ ಮಳೆ ನಂಬಿದ ಶೇಂಗಾದ ನೆಲ. ಶ್ರಾವಣದ ಹೊತ್ತಿಗೆ ಕಳೆ ತೆಗೆಯುವ, ಎಡೆ ಹೊಡೆಯುವ ಅವಸರ. ಸುಗ್ಗಿ ಮುಗಿದ ಮೇಲೆ ಆರಾಮ ಕೂರುವುದು ದೊಡ್ಡದಲ್ಲ. ಕೈತುಂಬ ಕೆಲಸವಿದ್ದಾಗ ಕುಂಟೆ ನಿಲ್ಲಿಸಿ ಬೇವಿನ ಕೊಂಬೆಗೆ ಜೋಕಾಲಿ ಕಟ್ಟುವುದಕ್ಕೆ ಎದೆ ಬೇಕು.

ಬಿಡುವು ಪುಕ್ಕಟೆಯಲ್ಲ ಎಂಬ ಆಕ್ಷೇಪ ಸರಿಯೇ. ಕೆಲಸ ತಪ್ಪುವುದಿಲ್ಲ, ಮುಂಚಿತವಾಗುತ್ತದೆ ಅಷ್ಟೆ. ಶೇಂಗಾ ಹುರಿದು, ಸಿಪ್ಪೆ ತಿಕ್ಕಿ, ಕೇರಬೇಕು. ಬೆಲ್ಲದ ಪಾಕ ಒಂದು ಗಳಿಗೆ ಹೆಚ್ಚಾದರೆ ಉಂಡಿ ಕಲ್ಲು. ಪಾಕ ಆರುವುದರೊಳಗೆ ಅಂಗೈ ಸುಡಿಸಿಕೊಂಡೇ ಕಟ್ಟಬೇಕು. ಆ ಹೊತ್ತಿನಲ್ಲಿ ಗಂಡಸರು ನಿಂಬೆಹಣ್ಣು ಎಸೆಯುವ ಪಂದ್ಯದ ಲೆಕ್ಕಾಚಾರದಲ್ಲಿರುತ್ತಾರೆ.

ವಿಚಾರವಾದಿಗಳ ಆಕ್ಷೇಪ ಬೇರೆ. ಕಲ್ಲಿಗೆ ಹಾಲೇಕೆ, ಮಕ್ಕಳಿಗೆ ಕೊಡಿ ಎಂದು ಮಾನವ ಬಂಧುತ್ವ ವೇದಿಕೆ ‘ಬಸವ ಪಂಚಮಿ’ ಆಚರಿಸುತ್ತ ಬಂದಿದೆ. ಕಲ್ಲನಾಗರಕ್ಕೆ ಹಾಲು, ದಿಟದ ನಾಗರಕ್ಕೆ ಪೆಟ್ಟು ಎಂಬ ಇಬ್ಬಂದಿತನವನ್ನು ಬಸವಣ್ಣ ಹನ್ನೆರಡನೆಯ ಶತಮಾನದಲ್ಲೇ ಹಿಡಿದು ಕೇಳಿದ್ದಾನೆ, ಅದಕ್ಕೆ ಮರುಮಾತಿಲ್ಲ. ಆದರೆ ಹಾಲಿನ ಲೆಕ್ಕ ಹಾಕುವವರು ಹಾಲೆರೆಯುವವಳ ಬಾಯಿಗೆ ಕಿವಿಗೊಟ್ಟಿಲ್ಲ. ಒಂದೊಂದು ಹನಿಗೂ ಒಂದೊಂದು ಪಾಲು: ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ಬೆಂಗಳೂರಿಗೆ ದುಡಿಯಲು ಹೋದ ತಮ್ಮ ರಜೆ ಸಿಗದೆ ಉಳಿದಿದ್ದರೂ ಅವನ ಹನಿ ಬೀಳುತ್ತದೆ. ಇದು ಹಾಜರಿ ಪುಸ್ತಕ. ಬಾರದವರ ಹೆಸರನ್ನೂ ಕೂಗುವ ಪುಸ್ತಕ. ಹಾಲು ಮಕ್ಕಳಿಗೇ ಹೋಗಲಿ, ಪಾಲು ಹೇಳುವುದನ್ನು ಎಲ್ಲಿಗೆ ಕಳಿಸುತ್ತಾರೆ?

ಹಬ್ಬ ಕಳೆದ ಮರುದಿನ ಬೆಳಿಗ್ಗೆ ಹೆಂಚು ಮತ್ತೆ ಒಲೆಗೇರುತ್ತದೆ. ಸೊಸೆ ಇನ್ನೂ ತವರಿನಿಂದ ಬಂದಿಲ್ಲವಾದರೆ, ಹಬ್ಬಕ್ಕೆಂದು ಬಂದ ಮಗಳೇ ಸೆರಗು ಸಿಕ್ಕಿಸಿಕೊಂಡು ರೊಟ್ಟಿ ಬಡಿಯಲು ಕೂರುತ್ತಾಳೆ.