ಲಿಲಿ ಕಿಂಬಲ್ ಓದಿದ ಜಾಹೀರಾತು

ಪತ್ತೆಯಾಗದೆ ಉಳಿದ ಹಳೆಯ ಕೊಲೆಗಳ ಕಥೆಗಳು ಸಾಮಾನ್ಯವಾಗಿ ಪೊಲೀಸ್ ಠಾಣೆಯ ಕಡತದಿಂದ ಶುರುವಾಗುತ್ತವೆ. ಅಗಾಥಾ ಕ್ರಿಸ್ಟಿಯ ‘ಸ್ಲೀಪಿಂಗ್ ಮರ್ಡರ್’ ಕಾದಂಬರಿಯಲ್ಲಿ ಅಂಥ ಕಡತವೇ ಇಲ್ಲ. ಕೊಲೆ ನಡೆದಿದೆ ಎಂಬುದೇ ಯಾರಿಗೂ ತಿಳಿದಿಲ್ಲ. ಹದಿನೆಂಟು ವರ್ಷಗಳ ಹಿಂದೆ ಡಿಲ್‌ಮತ್ ಎಂಬ ಕಡಲತೀರದ ಊರಿನಲ್ಲಿ ಹೆಲೆನ್ ಎಂಬ ಹೆಂಗಸು ಗಂಡನನ್ನು ಬಿಟ್ಟು ಯಾರ ಜೊತೆಗೋ ಓಡಿಹೋದಳು; ಊರಿನ ನೆನಪಿನಲ್ಲಿ ಉಳಿದಿರುವುದು ಇಷ್ಟೇ. ಅದು ಓಡಿಹೋದ ಕಥೆಯಲ್ಲ, ಕೊಲೆ ಎಂದು ತೋರಿಸುವವರು ಹೊಸದಾಗಿ ಮದುವೆಯಾದ ಒಂದು ಜೋಡಿ: ಗ್ವೆಂಡಾ ಮತ್ತು ಜೈಲ್ಸ್ ರೀಡ್. ಕ್ರಿಸ್ಟಿಯ ಪತ್ತೇದಾರಿ ಮುದುಕಿ ಮಿಸ್ ಮಾರ್ಪಲ್ ಅವರ ಬೆನ್ನಿಗಿದ್ದಾಳೆ. ಕ್ರಿಸ್ಟಿ ಇದನ್ನು ಬರೆದು, ತನ್ನ ಕಾಲಾನಂತರ ಪ್ರಕಟವಾಗಲಿ ಎಂದು ದಶಕಗಳ ಕಾಲ ಎತ್ತಿಟ್ಟಿದ್ದಳು. ಅದು ಹೊರಬಂದದ್ದು 1976ರಲ್ಲಿ, ಅವಳು ತೀರಿಕೊಂಡ ವರ್ಷವೇ. ಕೊಲೆಗಾರ ಯಾರೆಂದು ಮುಚ್ಚಿಟ್ಟು ಈ ಪುಸ್ತಕದ ಬೆಲೆ ಕಟ್ಟಲು ಆಗುವುದಿಲ್ಲ, ಹಾಗಾಗಿ ಮುಂದೆ ಅದನ್ನೂ ಹೇಳುತ್ತೇನೆ.

ಮೊದಲ ಅಧ್ಯಾಯಗಳು ಕ್ರಿಸ್ಟಿ ಬರೆದವುಗಳಲ್ಲೇ ಅತ್ಯುತ್ತಮವಾದವು ಎಂಬುದು ನನ್ನ ಅಭಿಪ್ರಾಯ. ಗ್ವೆಂಡಾಳಿಗೆ 21 ವರ್ಷ. ನ್ಯೂಜಿಲೆಂಡಿನಲ್ಲಿ ಬೆಳೆದವಳು, ಇಂಗ್ಲೆಂಡಿಗೆ ಇದೇ ಮೊದಲ ಸಲ ಬಂದಿದ್ದೇನೆಂದು ನಂಬಿದವಳು. ಗಂಡ ಬರುವುದಕ್ಕೆ ಮುಂಚೆ ತಾನೇ ಬಂದು ಒಂದು ಮನೆ ಕೊಳ್ಳುತ್ತಾಳೆ. ಜಗಲಿಯಿಂದ ಹುಲ್ಲುಹಾಸಿಗೆ ಇಳಿಯಲು ಇಲ್ಲೊಂದು ಮೆಟ್ಟಿಲಿರಬೇಕಿತ್ತು ಅನ್ನಿಸುತ್ತದೆ. ಅಗೆದರೆ ಹಳೆಯ ಮೆಟ್ಟಿಲುಗಳು ಅಲ್ಲೇ ಇವೆ. ಊಟದ ಕೋಣೆಗೆ ಹೋಗಲು ಗೋಡೆಯಲ್ಲೊಂದು ಬಾಗಿಲು ಬೇಕು ಅನ್ನಿಸುತ್ತದೆ. ಗಾರೆಯ ಹಿಂದೆ ಬಾಗಿಲಿದ್ದ ಗುರುತು ಸಿಗುತ್ತದೆ. ಮಗುವಿನ ಕೋಣೆಗೆ ಇಂಥದೇ ಹೂವಿನ ಕಾಗದ ಅಂಟಿಸಬೇಕೆಂದು ಮನಸ್ಸಿನಲ್ಲೇ ಆರಿಸುತ್ತಾಳೆ. ಬಣ್ಣ ಬಳಿದು ಭದ್ರವಾಗಿ ಮುಚ್ಚಿದ್ದ ಬೀರು ತೆರೆದಾಗ, ಒಳಗೋಡೆಯಲ್ಲಿ ಮಾಸದೆ ಉಳಿದಿರುವುದು ಅದೇ ಕಾಗದ. ಓದುವವರ ಮೈ ಜುಮ್ಮೆನ್ನುತ್ತದೆ. ಆದರೆ ಇದರಲ್ಲಿ ದೆವ್ವವಿಲ್ಲ. ಅವಳು ಮೂರು ವರ್ಷದ ಮಗುವಾಗಿದ್ದಾಗ ಇದೇ ಮನೆಯಲ್ಲಿ ಇದ್ದವಳು ಎಂಬ ಸರಳ ಉತ್ತರವನ್ನು ಮಿಸ್ ಮಾರ್ಪಲ್ ಬಹುಬೇಗ ಕೊಟ್ಟುಬಿಡುತ್ತಾಳೆ. ಭಯದ ಜಾಗದಲ್ಲಿ ಪ್ರಶ್ನೆ ಬಂದು ಕೂರುತ್ತದೆ: ಮೆಟ್ಟಿಲ ಕಟಕಟೆಯ ಸಂದಿಯಿಂದ ಆ ಮಗು ಕಂಡ ಹೆಣ ಯಾರದು?

ಆ ನೆನಪು ಒಡೆಯುವುದು ಲಂಡನ್ನಿನ ನಾಟಕಶಾಲೆಯಲ್ಲಿ, ಜಾನ್ ವೆಬ್‌ಸ್ಟರನ ‘ದಿ ಡಚೆಸ್ ಆಫ್ ಮಾಲ್ಫಿ’ ನಡೆಯುವಾಗ. ತಂಗಿಯನ್ನು ಕೊಲ್ಲಿಸಿದ ಅಣ್ಣ ಅವಳ ಹೆಣದ ಮುಂದೆ ನಿಂತು ಮಾತಾಡುವ ಘಳಿಗೆ ಅದು. ಗ್ವೆಂಡಾ ಚೀರಿಕೊಂಡು ಹೊರಗೆ ಓಡುತ್ತಾಳೆ. ಕೊಲೆಗಾರ ಯಾರು ಎಂಬುದು ಆ ನಾಟಕದ ಕಥೆಯಲ್ಲೇ ಇದೆ, ಓದುಗರ ಕಣ್ಣೆದುರಿಗೇ ಇದೆ. ಹೆಲೆನ್‌ಳನ್ನು ಕೊಂದವನು ಅವಳ ಮಲಅಣ್ಣ, ಡಾಕ್ಟರ್ ಜೇಮ್ಸ್ ಕೆನಡಿ. ಸುಳಿವನ್ನು ಇಷ್ಟು ಬಯಲಿನಲ್ಲಿಟ್ಟು ಕಾಣದಂತೆ ಮಾಡುವ ಕೈಚಳಕ ಕ್ರಿಸ್ಟಿಯಲ್ಲೂ ಅಪರೂಪ.

ಈ ಪುಸ್ತಕವನ್ನು ನಾನು ಮೆಚ್ಚುವುದು ಬರೀ ಒಗಟಿಗಾಗಿ ಅಲ್ಲ. ಇದರ ತುಂಬ ದಾಂಪತ್ಯಗಳಿವೆ. ಗ್ವೆಂಡಾಳ ತಂದೆ ಕೆಲ್ವಿನ್ ಹ್ಯಾಲಿಡೆ ಇಂಡಿಯಾದಲ್ಲಿ ಸೈನ್ಯದಲ್ಲಿದ್ದವನು. ಮೊದಲ ಹೆಂಡತಿ ಅಲ್ಲೇ ತೀರಿಕೊಂಡ ಮೇಲೆ ಮಗುವಿನೊಂದಿಗೆ ಊರಿಗೆ ಮರಳುವಾಗ ಹಡಗಿನಲ್ಲಿ ಹೆಲೆನ್ ಸಿಗುತ್ತಾಳೆ, ಮದುವೆಯಾಗುತ್ತದೆ. ಆಮೇಲೆ ಮದ್ದಿನ ಮಂಕಿನಲ್ಲಿ ಒಂದು ರಾತ್ರಿ ಹೆಂಡತಿಯ ಹೆಣ ನೋಡಿ, ತಾನೇ ಕೊಂದೆ ಎಂದು ನಂಬುತ್ತಾನೆ. ಆ ಭಯವನ್ನು ಅವನು ಹೇಳಿಕೊಂಡದ್ದು ಮೈದುನನಾದ ಡಾಕ್ಟರನ ಮುಂದೆ, ಅಂದರೆ ಕೊಲೆಗಾರನ ಮುಂದೆ. ಬಂದು ನೋಡಿದರೆ ಹೆಣವಿಲ್ಲ. ಭ್ರಮೆ ಎಂದು ಹೇಳಿ ಅವನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಲಾಗುತ್ತದೆ. ಅಲ್ಲೇ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಮಗಳಿಗೂ ಅದೇ ಮನೆಯಲ್ಲಿ, ತನಗೆ ತಲೆ ಕೆಡುತ್ತಿದೆ ಎಂಬ ಅದೇ ಭಯ ಹುಟ್ಟುತ್ತದೆ. ಅವಳು ಮಾತ್ರ ಉಳಿದುಕೊಳ್ಳುತ್ತಾಳೆ. ಅವಳಿಗೆ ನಂಬಿ ಹೇಳಿಕೊಳ್ಳಲು ಮಾರ್ಪಲ್ ಇದ್ದಳು. ಹೇಳಿದ್ದನ್ನು ಪಕ್ಕದಲ್ಲೇ ಕೂತು ಪರೀಕ್ಷಿಸಿ ನೋಡಲು ಗಂಡನಿದ್ದ. ಒಬ್ಬರ ತಲೆಯೊಳಗಿದ್ದಾಗ ಹುಚ್ಚಿನಂತೆ ಕಾಣುವುದು ಇಬ್ಬರ ನಡುವೆ ಬಂದಾಗ ಸಾಕ್ಷ್ಯವಾಗುತ್ತದೆ. ಗಂಡ ಹೆಂಡತಿಯನ್ನು ಪತ್ತೇದಾರರನ್ನಾಗಿ ಮಾಡಿದ ಲೇಖಕರು ಬಹಳ ಮಂದಿ. ದಾಂಪತ್ಯವನ್ನೇ ಹೀಗೆ ಪತ್ತೆಯ ಸಾಧನವಾಗಿ ಬಳಸಿದವರು ಕಡಿಮೆ.

2006ರಲ್ಲಿ ಬ್ರಿಟನ್ನಿನ ಐಟಿವಿ ಇದನ್ನು ಟಿವಿಗೆ ತಂದಾಗ ಈ ಮದುವೆಯನ್ನೇ ಕಿತ್ತುಹಾಕಿತು. ಜೆರಾಲ್ಡಿನ್ ಮ್ಯಾಕ್‌ಈವನ್ ಮಾರ್ಪಲ್ ಆಗಿದ್ದ ಆ ಚಿತ್ರದಲ್ಲಿ ಜೈಲ್ಸ್ ಇಲ್ಲ. ಗ್ವೆಂಡಾಳಿಗೆ ಬೇರೊಬ್ಬನ ಜೊತೆ ನಿಶ್ಚಿತಾರ್ಥವಾಗಿದೆ, ಸಹಾಯಕ್ಕೆ ಬಂದ ಇನ್ನೊಬ್ಬನ ಮೇಲೆ ಪ್ರೀತಿ ಮೂಡುತ್ತದೆ. ನೋಡಲು ಲವಲವಿಕೆಯಿದೆ. ಆದರೆ ತಂದೆಯ ಮುರಿದ ದಾಂಪತ್ಯದ ಎದುರಿಗೆ ಮಗಳ ಗಟ್ಟಿ ದಾಂಪತ್ಯವನ್ನು ನಿಲ್ಲಿಸಿದ್ದ ಕಾದಂಬರಿಯ ಕಟ್ಟು ಅಲ್ಲಿ ಸಡಿಲವಾಗಿ, ಉಳಿದದ್ದು ಒಗಟು ಮತ್ತು ಪ್ರೇಮ. 1987ರಲ್ಲಿ ಜೋನ್ ಹಿಕ್ಸನ್ ನಟಿಸಿದ ಬಿಬಿಸಿ ಚಿತ್ರವೇ ಮೂಲಕ್ಕೆ ಹತ್ತಿರ.

ಕಾದಂಬರಿಯ ಅತಿ ದೊಡ್ಡ ಸಾಧನೆ ಹೆಲೆನ್‌ಳಿಗೆ ಸಂಬಂಧಿಸಿದ್ದು. ಅವಳು ಗಂಡಸರ ಹಿಂದೆ ಬಿದ್ದವಳು ಎಂದು ಎಲ್ಲರೂ ಹೇಳುತ್ತಾರೆ. ಅವಳ ಬದುಕಿನಲ್ಲಿ ಬಂದುಹೋದ ಗಂಡಸರನ್ನು ಒಬ್ಬೊಬ್ಬರನ್ನಾಗಿ ರೀಡ್ ದಂಪತಿ ಹುಡುಕಿ ಮಾತಾಡಿಸುತ್ತಾರೆ: ವಕೀಲ ವಾಲ್ಟರ್ ಫೇನ್, ಪ್ರವಾಸಿ ಬಸ್ಸುಗಳ ಮಾಲೀಕ ಜಾಕಿ ಆಫ್ಲಿಕ್, ಮದುವೆಯಾಗಿದ್ದ ರಿಚರ್ಡ್ ಎರ್ಸ್ಕಿನ್. ಓದುಗರಾದ ನಾವೂ ಆ ಮಾತನ್ನು ನಂಬಿಕೊಂಡೇ ಸಾಗುತ್ತೇವೆ. ಕೊನೆಯಲ್ಲಿ ಮಾರ್ಪಲ್ ಕೇಳುವುದು ಈ ಮಾತು ಹೊರಟದ್ದು ಯಾರ ಬಾಯಿಂದ ಎಂದು. ಎಲ್ಲವೂ ಅಣ್ಣನ ಬಾಯಿಂದ. ಹುಡುಗಿ ಗೆಳೆಯರ ಜೊತೆ ಟೆನಿಸ್ ಆಡುವಂತಾದರೆ, ರಾತ್ರೋರಾತ್ರಿ ನೆಟ್ ಚಿಂದಿಯಾಗಿರುತ್ತದೆ. ಕಾಲಿನ ಸಣ್ಣ ತರಚು ಗಾಯ, ಡಾಕ್ಟರ್ ಅಣ್ಣ ದಿನವೂ ಆರೈಕೆ ಮಾಡುತ್ತಿದ್ದರೂ ವಾಸಿಯಾಗುವುದಿಲ್ಲ. ಈ ಎರಡು ಪುಟ್ಟ ವಿವರಗಳಲ್ಲಿ ಒಂದು ಮನೆಯೊಳಗಿನ ಸೆರೆಮನೆ ಕಾಣುತ್ತದೆ. ಹೆಲೆನ್‌ಗೆ ಬೇಕಿದ್ದದ್ದು ಆ ಮನೆಯಿಂದ ಬಿಡುಗಡೆ ಮತ್ತು ಎಲ್ಲರಂತೆ ಒಂದು ಸಂಸಾರ. ಅವಳ ಹೆಸರು ಕೆಡಿಸಿದ್ದು ಕೊಲೆಯಷ್ಟೇ ಯೋಜಿತವಾದ ಕೆಲಸ. ಹೆಂಗಸೊಬ್ಬಳು ಕಾಣೆಯಾದಳೆಂದರೆ ಅವಳ ನಡತೆಯ ಮೇಲೆ ಮೊದಲು ಬೆರಳಿಡುವ ಚಾಳಿಯನ್ನು ಕ್ರಿಸ್ಟಿ ಇಷ್ಟು ನಿಷ್ಠುರವಾಗಿ ಬಯಲಿಗೆಳೆದಳೆಂದು ಅವಳಿಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ಇನ್ನು ನನ್ನ ತಕರಾರು. ಮಾರ್ಪಲ್ ಮೊದಲೇ ಎಚ್ಚರಿಸಿರುತ್ತಾಳೆ: ಈ ಗೊಡವೆ ಬೇಡ, ಬಿಟ್ಟುಬಿಡಿ. ಜೈಲ್ಸ್‌ಗೆ ಉತ್ಸಾಹ ತಡೆಯುವುದಿಲ್ಲ. ಹೆಲೆನ್ ಬಗ್ಗೆ ತಿಳಿದವರು ಸಂಪರ್ಕಿಸಬೇಕೆಂದು ಪತ್ರಿಕೆಗಳಲ್ಲಿ ಜಾಹೀರಾತು ಕೊಡುತ್ತಾನೆ. ಅದು ಲಿಲಿ ಕಿಂಬಲ್‌ಳ ಕಣ್ಣಿಗೆ ಬೀಳುತ್ತದೆ. ಅವಳು ಹಿಂದೆ ಆ ಮನೆಯಲ್ಲಿ ಕೆಲಸಕ್ಕಿದ್ದವಳು. ಕರಿದ ಆಲೂಗಡ್ಡೆಯ ಎಣ್ಣೆ ಬಸಿಯಲೆಂದು ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸುವಾಗ ಆ ಸಾಲುಗಳು ಕಾಣುತ್ತವೆ. ಇದರಲ್ಲೇನಾದರೂ ನಾಲ್ಕು ಕಾಸು ಬರಬಹುದೇ ಎಂದು ಅವಳ ಯೋಚನೆ. ಗಂಡ ಜಿಮ್ ಕಡಿಮೆ ಮಾತಿನವನು. ನಮಗ್ಯಾಕೆ ಅದೆಲ್ಲ ಅನ್ನುತ್ತಾನೆ. ಹೆಲೆನ್ ಒಯ್ದಳೆನ್ನಲಾದ ಬಟ್ಟೆಗಳು ಒಂದಕ್ಕೊಂದು ಹೊಂದುವಂಥವಲ್ಲ ಎಂದು ಲಿಲಿಗೆ ಗೊತ್ತು. ಅಮ್ಮಾವ್ರ ಬಟ್ಟೆ ಮಡಿಸಿ ಇಟ್ಟು ಬಲ್ಲ ಕೈಗಳಿಗೆ ಮಾತ್ರ ತಿಳಿಯುವ ಸಂಗತಿ ಅದು. ಅವಳು ಸಲಹೆ ಕೇಳಿ ಡಾಕ್ಟರ್ ಕೆನಡಿಗೇ ಕಾಗದ ಬರೆಯುತ್ತಾಳೆ. ಅವನು ಕರೆಸಿಕೊಂಡು, ರೈಲಿಳಿದು ಬರುವ ದಾರಿಯಲ್ಲೇ ಕತ್ತು ಹಿಸುಕುತ್ತಾನೆ.

ರೀಡ್ ದಂಪತಿಗೆ ಆಘಾತವಾಗುತ್ತದೆ ನಿಜ. ಆದರೆ ಕಾದಂಬರಿ ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ, ಬೇಗ ಬೇಗ ಕೊನೆಯ ಸನ್ನಿವೇಶಕ್ಕೆ ಓಡುತ್ತದೆ. ಗ್ವೆಂಡಾ ಮನೆಯಲ್ಲಿ ಒಬ್ಬಳೇ ಇರುವಾಗ ಡಾಕ್ಟರ್ ಅವಳ ಕುತ್ತಿಗೆಗೂ ಕೈ ಹಾಕುತ್ತಾನೆ. ಗುಲಾಬಿ ಗಿಡದ ಹುಳಕ್ಕೆಂದು ಇಟ್ಟಿದ್ದ ಸೋಪಿನ ನೀರನ್ನು ಮಾರ್ಪಲ್ ಅವನ ಕಣ್ಣಿಗೆ ಎರಚುತ್ತಾಳೆ. ರೋಚಕವಾಗಿದೆ. ಗಂಡ ಹೆಂಡತಿ ಇಬ್ಬರೂ ಸೇರಿ ಕಟ್ಟಿದ ಪತ್ತೆಯನ್ನು ಕಡೆಗೆ ಮಾರ್ಪಲ್ ಒಬ್ಬಳ ಕೈಗೆ ಒಪ್ಪಿಸಿದಂತೆಯೂ ಇದೆ. ನನಗೆ ಹೆಚ್ಚು ನೋವು ಕೊಡುವುದು ಜಿಮ್ ಕಿಂಬಲ್‌ನ ಸಂಗತಿ. ಈ ಪುಸ್ತಕದಲ್ಲಿ ಎಚ್ಚರದ ಮಾತಾಡಿದ ಇಬ್ಬರಲ್ಲಿ ಒಬ್ಬಳು ಮಾರ್ಪಲ್. ಅವಳ ಜಾಣತನವನ್ನು ಕೊಂಡಾಡಲು ಪುಟಗಟ್ಟಲೆ ಜಾಗವಿದೆ. ಇನ್ನೊಬ್ಬ ಜಿಮ್, ಅವನ ದುಃಖ ಕಾದಂಬರಿಯ ಅಂಚಿನಲ್ಲೇ ಉಳಿಯುತ್ತದೆ. ರೀಡ್ ದಂಪತಿಯ ಕುತೂಹಲಕ್ಕೆ ಬೆಲೆ ತೆತ್ತದ್ದು ಕಿಂಬಲ್ ದಂಪತಿ. ಸತ್ತವಳ ಹೆಸರನ್ನು ಇಷ್ಟು ಕಾಳಜಿಯಿಂದ ಶುಚಿ ಮಾಡಿದ ಲೇಖಕಿ, ಕೆಲಸದವಳ ಸಾವನ್ನು ಒಗಟಿನ ಒಂದು ತುಂಡಾಗಿ ಬಳಸಿಬಿಟ್ಟಳಲ್ಲ ಎಂಬುದು ನನ್ನ ಬೇಸರ.

ಇದು ಒಂದೇ ಪುಸ್ತಕದ ಮಾತಲ್ಲ ಎಂಬುದಕ್ಕೆ ‘ಪೋಸ್ಟರ್ನ್ ಆಫ್ ಫೇಟ್’ ಸಾಕ್ಷಿ. ಟಾಮಿ ಮತ್ತು ಟಪೆನ್ಸ್ ಕ್ರಿಸ್ಟಿಯ ಕಾಯಂ ಪತ್ತೇದಾರ ದಂಪತಿ. ಅವಳ ಇನ್ನೊಬ್ಬ ಪತ್ತೇದಾರ ಪೊಯ್ರೋನಂತೆ ವಯಸ್ಸೇ ಆಗದವರಲ್ಲ, ಲೇಖಕಿಯ ಜೊತೆಜೊತೆಗೇ ಮುದುಕರಾದವರು. 1922ರ ‘ದಿ ಸೀಕ್ರೆಟ್ ಅಡ್ವರ್ಸರಿ’ಯಲ್ಲಿ ಕಾಸಿಲ್ಲದ ತರುಣರಾಗಿದ್ದವರು 1973ರ ಈ ಕಾದಂಬರಿಯ ಹೊತ್ತಿಗೆ ಎಪ್ಪತ್ತು ದಾಟಿದ್ದಾರೆ. ಹೊಸದಾಗಿ ಕೊಂಡ ಮನೆಯ ಹಳೆಯ ಪುಸ್ತಕವೊಂದರಲ್ಲಿ ಯಾರೋ ಹುಡುಗ ಅಕ್ಷರಗಳ ಕೆಳಗೆ ಗೆರೆ ಎಳೆದಿದ್ದಾನೆ. ಕೂಡಿಸಿ ಓದಿದರೆ ಮೇರಿ ಜೋರ್ಡನ್ ಎಂಬವಳ ಸಾವು ಸಹಜವಲ್ಲ ಎಂಬ ಸಂದೇಶ. ಎಂಥ ಆರಂಭ! ಮುಂದೆ ಮಾತ್ರ ಕಥೆ ಹರಟೆಯಲ್ಲಿ ಕಳೆದುಹೋಗುತ್ತದೆ. ಹೇಳಿದ್ದನ್ನೇ ಹೇಳುವ ಸಂಭಾಷಣೆ, ಒಂದಕ್ಕೊಂದು ಕೂಡದ ವಿವರಗಳು. ಕ್ರಿಸ್ಟಿ ಕೊನೆಯದಾಗಿ ಬರೆದ ಕಾದಂಬರಿ ಇದು, ಮತ್ತು ಆ ದಣಿವು ಪ್ರತಿ ಅಧ್ಯಾಯದಲ್ಲೂ ಕಾಣುತ್ತದೆ.

ಇಲ್ಲೂ ಅದೇ ಆಗುತ್ತದೆ. ಮುದುಕ ದಂಪತಿ ಹಳೆಯದನ್ನು ಕೆದಕುತ್ತಾರೆ, ಊರಿನ ಹಳೆಯ ಕಥೆಗಳನ್ನು ಬಲ್ಲ ತೋಟದ ಮುದುಕ ಐಸಾಕ್ ಕೊಲೆಯಾಗುತ್ತಾನೆ. ಆದರೆ ಒಂದು ವ್ಯತ್ಯಾಸವಿದೆ. ಐಸಾಕನ ಮನೆತನದ ಹುಡುಗ ಹೆನ್ರಿ ಈ ದಂಪತಿಯ ಮನೆಗೆ ಬರುತ್ತಾನೆ, ತೋಟದ ಕೆಲಸಕ್ಕೆ ಕೈ ಹಾಕುತ್ತಾನೆ, ತಮ್ಮ ಮುದುಕನನ್ನು ಕೊಂದವರು ಯಾರೆಂದು ತಿಳಿಯಲು ತಾನೂ ನೆರವಾಗುತ್ತೇನೆ ಅನ್ನುತ್ತಾನೆ. ಟಪೆನ್ಸ್ ಅವನನ್ನು ಕೂರಿಸಿಕೊಂಡು ಮಾತಾಡುತ್ತಾಳೆ. ಕಟ್ಟಿನಲ್ಲಿ, ಬಿಗಿಯಲ್ಲಿ, ಭಾಷೆಯಲ್ಲಿ ‘ಸ್ಲೀಪಿಂಗ್ ಮರ್ಡರ್’ ಇದಕ್ಕಿಂತ ಎಷ್ಟೋ ಮೇಲು. ಯಾವುದನ್ನು ಓದಬೇಕೆಂದು ಕೇಳಿದರೆ ಹಿಂದೆಮುಂದೆ ನೋಡದೆ ಅದನ್ನೇ ಹೇಳುತ್ತೇನೆ. ಆದರೂ ಜಿಮ್ ಕಿಂಬಲ್‌ಗೆ ಸಿಗದ ಜಾಗ ಈ ಸೋತ ಕಾದಂಬರಿಯಲ್ಲಿ ಹೆನ್ರಿಗೆ ಸಿಕ್ಕಿದೆ.