ಹಳೇ ಓಮ್ನಿ ಸೋರಲೇಬೇಕಿಲ್ಲ

ಮಲೆನಾಡಿನ ನಮ್ಮ ಕಡೆ ಓಮ್ನಿ ಇರುವ ಮನೆಯನ್ನು ಅಂಗಳ ನೋಡಿಯೇ ಹೇಳಬಹುದು. ಗಾಡಿ ಪೇಟೆಗೆ ಹೋಗಿದ್ದರೂ ಅದು ನಿಲ್ಲುವ ಜಾಗದಲ್ಲಿ ಅಂಗೈಯಗಲದ ಕಪ್ಪು ಕಲೆ ಕೂತಿರುತ್ತದೆ. ಅದರ ಮೇಲೆ ಮನೆಯವರು ಆಗಾಗ ಮರಳು ಎರಚುತ್ತಾರೆ, ಒಣಗಿದ ಅಡಿಕೆ ಸಿಪ್ಪೆ ಹಾಕುತ್ತಾರೆ. ಮೊದಲ ಮಳೆ ಬಿದ್ದ ದಿನ ಅಲ್ಲಿಂದ ಕಾಮನಬಿಲ್ಲಿನ ಬಣ್ಣದ ನೀರು ತೋಟದ ಕಡೆ ಹರಿಯುತ್ತದೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಹಳೇ ಗಾಡಿ ಅಲ್ವಾ, ಎಣ್ಣೆ ಸೋರೋದು ಇದ್ದಿದ್ದೇ. ಆಗಾಗ ಹಾಕ್ತಾ ಇದ್ರೆ ಆಯ್ತು."

ಈ ಮಾತನ್ನು ನಾನು ಒಪ್ಪುವುದಿಲ್ಲ. ಇಪ್ಪತ್ತು ವರ್ಷದ ಓಮ್ನಿಯೊಂದನ್ನು ಇಟ್ಟುಕೊಂಡು, ಮೊದಲು ನಾನೂ ಹಾಗೇ ಹೇಳಿಕೊಂಡು ತಿರುಗಿದವನೇ. ಈಗ ಅನ್ನಿಸುವುದು ಇಷ್ಟು: ಗಾಡಿ ಸೋರುವುದು ಅದರ ವಯಸ್ಸಿನಿಂದಲ್ಲ. ಗಟ್ಟಿಯಾದ ಒಂದು ರಬ್ಬರ್ ತುಂಡು, ಕಟ್ಟಿಕೊಂಡ ಒಂದು ಪೈಪು, ಸಡಿಲಾದ ಒಂದು ಕ್ಲಿಪ್, ಹೀಗೆ ಹೆಸರು ಹೇಳಿ ತೋರಿಸಬಹುದಾದ ಕಾರಣಗಳಿಂದ ಅದು ಸೋರುತ್ತದೆ. ಆ ಕಾರಣ ನಮಗೆ ಕಾಣದೇ ಇರುವುದು ಎಂಜಿನ್ನಿನ ಮೇಲೆ ಕೊಳೆ ಕೂತಿರುವುದರಿಂದ. ಆದ್ದರಿಂದ ಎಂಜಿನ್ ತೊಳೆಯುವುದು ಗಾಡಿ ಮಾರುವಾಗ ಮಾಡುವ ಅಲಂಕಾರವಲ್ಲ, ರಿಪೇರಿಯ ಮೊದಲ ಹೆಜ್ಜೆ.

1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಲ್ಲಿ ಬಂದು ಮುಂದೆ ಓಮ್ನಿ ಎಂದಾದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಅಂದಮೇಲೆ ರಸ್ತೆಯ ಮೇಲಿರುವ ಓಮ್ನಿಗಳೆಲ್ಲ ಹಳತೇ. ಹಳೆಯದಾದ್ದರಿಂದ ಸೋರುತ್ತದೆ ಎಂದು ಒಪ್ಪಿಕೊಂಡರೆ ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುವ ಓಮ್ನಿ, ಮೀನಿನ ಓಮ್ನಿ, ಮದುವೆಮನೆಗೆ ಪಾತ್ರೆ ಹೊರುವ ಓಮ್ನಿ ಎಲ್ಲಕ್ಕೂ ಸೋರಲು ಅಪ್ಪಣೆ ಕೊಟ್ಟ ಹಾಗಾಯಿತು. ಅದರ ಎಂಜಿನ್ ಏನು ಬಿಡಿಸಲಾಗದ ಒಗಟಲ್ಲ. ಮಾರುತಿ 800ರಲ್ಲಿದ್ದ ಅದೇ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ತಾಲ್ಲೂಕು ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಅದರ ಪ್ಯಾಕಿಂಗು, ಆಯಿಲ್ ಸೀಲುಗಳು ಸಿಗುತ್ತವೆ.

ತೊಡಕಿರುವುದು ಅದು ಕೂತ ಜಾಗದಲ್ಲಿ. ಬೇರೆ ಕಾರಿನಲ್ಲಿ ಬಾನೆಟ್ ಎತ್ತಿದರೆ ಎಂಜಿನ್ ಕಾಣುತ್ತದೆ. ಓಮ್ನಿಯಲ್ಲಿ ಅದು ಮುಂದಿನ ಸೀಟುಗಳ ಕೆಳಗೆ. ಸೀಟಿನ ಮೇಲಿನ ಚೀಲ, ಕೊಡೆ, ಕಾಗದಪತ್ರ ಎಲ್ಲ ತೆಗೆದಿಟ್ಟು, ಮ್ಯಾಟ್ ಸರಿಸಿ, ಸೀಟು ಹಿಂದಕ್ಕೆ ಮಗುಚಿದಾಗಷ್ಟೇ ನೋಡಬಹುದು. ಹೀಗಾಗಿ ಯಾರೂ ನೋಡುವುದಿಲ್ಲ. ಹಾಗೆ ನೋಡದೆ ಬಿಟ್ಟ ಎಂಜಿನ್ನಿನ ಮೇಲೆಯೇ ಡ್ರೈವರು, ಪಕ್ಕದಲ್ಲಿ ಕೂತವರು, ಅವರ ತೊಡೆಯ ಮೇಲಿನ ಕೂಸು ಎಲ್ಲ ಇರುತ್ತಾರೆ. ಪೆಟ್ರೋಲ್ ಪೈಪು ಒಸರಿದರೂ, ಬಿಸಿ ಎಕ್ಸಾಸ್ಟಿನ ಮೇಲೆ ಎಣ್ಣೆ ಬಿದ್ದು ಹೊಗೆಯಾಡಿದರೂ ಅದೆಲ್ಲ ನಡೆಯುವುದು ಇವರ ಕೆಳಗೇ. ಬೇರೆ ಗಾಡಿಗಿಂತ ಓಮ್ನಿಯ ಸೋರಿಕೆಗೆ ಹೆಚ್ಚು ಹೆದರಬೇಕು ಎನ್ನುವುದು ಇದೇ ಕಾರಣಕ್ಕೆ.

ನನ್ನ ಗಾಡಿಯ ಕಥೆ ಹೇಳುತ್ತೇನೆ. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಚೇಂಬರ್ ಅಂಚಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಮೆಕ್ಯಾನಿಕ್ ಅಡಿಗೆ ಹೋಗಿ ನೋಡಿ ಬಂದು, "ಸಾರ್, ಚೇಂಬರ್ ಪ್ಯಾಕಿಂಗ್ ಹೋಗಿದೆ" ಅಂದ. ಹಾಕಿಸಿದೆ. ತಿಂಗಳಲ್ಲಿ ಮತ್ತೆ ಅದೇ ಜಾಗದಲ್ಲಿ ಹನಿ. ಎರಡನೇ ಸಲ ಪ್ಯಾಕಿಂಗಿನ ಜೊತೆ ಗಮ್ಮನ್ನೂ ದಪ್ಪಗೆ ಹಚ್ಚಿ ಕೂರಿಸಿದ. ಆದರೂ ನಿಲ್ಲಲಿಲ್ಲ. ಆಮೇಲೆ ಅವನೂ ಅದೇ ಮಾತಿಗೆ ಬಂದ: "ಹಳೇ ಗಾಡಿ ಸಾರ್, ಇಷ್ಟಾದ್ರೂ ಸೋರತ್ತೆ."

ಆ ವರ್ಷ ಅಡಿಕೆ ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ ಸೀಟು ಮಗುಚಿ ಕೂತೆ. ಎಂಜಿನ್ ಬ್ಲಾಕಿನ ಒಂದು ಮಗ್ಗುಲು ಪೂರ್ತಿ ಕೆಮ್ಮಣ್ಣಿನ ಧೂಳು ಎಣ್ಣೆಯೊಡನೆ ಕಲೆತು, ಹಲಸಿನ ಮೇಣದ ಹಾಗೆ ಅಂಟಿಕೊಂಡಿತ್ತು. ಬೆರಳಿಟ್ಟರೆ ಬೆರಳು ಹೂತುಹೋಗುವಷ್ಟು ದಪ್ಪ. ಮರದ ಚಕ್ಕೆಯಿಂದ ಕೆರೆದು ಕೆರೆದು ಹಳೇ ಪೇಪರಿನ ಮೇಲೆ ಹಾಕಿದೆ. ಆಮೇಲೆ ಡೀಗ್ರೀಸರ್ ಹಚ್ಚಿ ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಮೂಲೆಮೂಲೆ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ನಾಲ್ಕೈದು ಸಲ ಒರೆಸಿದೆ. ಮಧ್ಯಾಹ್ನದ ಹೊತ್ತಿಗೆ ಬ್ಲಾಕಿನ ಲೋಹದ ಬಣ್ಣ ಕಂಡಿತು. ಪೂರ್ತಿ ಒಣಗಿದ ಮೇಲೆ ಕೀಲು ಕೂಡುವ ಜಾಗಗಳಿಗೆಲ್ಲ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಎಂಜಿನ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟೆ. ಟಾರ್ಚ್ ಹಿಡಿದು ನೋಡಿದರೆ ಚೇಂಬರ್ ಅಂಚು ಬೆಳ್ಳಗೇ ಇತ್ತು. ಮೇಲೆ, ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಮಾತ್ರ ಪೌಡರಿನ ನಡುವೆ ಕಂದು ಬಣ್ಣದ ಒಂದು ಎಳೆ ಇಳಿದಿತ್ತು.

ಎಣ್ಣೆ ಹುಟ್ಟುವ ಜಾಗ ಒಂದು, ಬೀಳುವ ಜಾಗ ಇನ್ನೊಂದು. ಅದು ಮೇಲಿನಿಂದ ಕೆಳಗೆ ಇಳಿಯುತ್ತದೆ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹನಿ ಬೀಳುವ ಜಾಗ ನೋಡಿ ರಿಪೇರಿ ಮಾಡುವುದೆಂದರೆ, ಮಾಡಿನ ಹೆಂಚು ಒಡೆದಿರುವಾಗ ನೀರು ಬಿದ್ದ ನೆಲಕ್ಕೆ ಸಿಮೆಂಟು ಹಾಕಿದ ಹಾಗೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅಲ್ಲಿ ಹುಡುಕಬೇಕು. ಇಡೀ ಎಂಜಿನ್ನೇ ಒದ್ದೆಯಾಗಿ ಕಪ್ಪಾಗಿದ್ದರೆ ಅದನ್ನು ಹುಡುಕುವುದು ಹೇಗೆ? ಎರಡು ಸಲ ಚೇಂಬರ್ ಇಳಿಸಿದ ಕೂಲಿ ಸುಮ್ಮನೆ ಹೋಯಿತು. ಟ್ಯಾಪೆಟ್ ಕವರಿನ ರಬ್ಬರ್ ಪ್ಯಾಕಿಂಗ್ ಸಿಕ್ಕಿದ್ದು ಇಬ್ಬರು ಹೋಟೆಲಿನಲ್ಲಿ ದೋಸೆ ತಿನ್ನುವ ದುಡ್ಡಿಗೆ. ತೆಗೆದ ಹಳೆಯದು ಮಡಚಿದರೆ ಕಡ್ಡಿಯ ಹಾಗೆ ಲಟ್ಟನೆ ಮುರಿಯಿತು.

ಆ ಗಮ್ಮಿನ ವಿಷಯವನ್ನೂ ಹೇಳಬೇಕು. ದಪ್ಪಗೆ ಹಚ್ಚಿದರೆ ಗಟ್ಟಿ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಬಲವಾಗಿದೆ. ಹೆಚ್ಚಾದ ಗಮ್ಮು ಹೊರಗೆ ಹಿಸುಕಿ ಬಂದಷ್ಟೇ ಒಳಗೂ ಹೋಗುತ್ತದೆ. ಅದು ಚೂರಾಗಿ ಉದುರಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಎಂಜಿನ್ನಿಗೆ ಎಣ್ಣೆ ಏರುವುದೇ ಕಡಿಮೆಯಾಗುತ್ತದೆ. ಸೋರುವ ಕವರಿನ ಬೋಲ್ಟನ್ನು ಇನ್ನಷ್ಟು, ಮತ್ತಷ್ಟು ಬಿಗಿಯುವುದೂ ಇದೇ ಜಾತಿಯ ತಪ್ಪು. ರಬ್ಬರು ಅಂಚಿನಿಂದ ಹಿಸುಕಿ ಹೊರಬಂದು, ಮೊದಲು ಒಸರುತ್ತಿದ್ದದ್ದು ಆಮೇಲೆ ಸುರಿಯುತ್ತದೆ.

ಹೊಸ ಪ್ಯಾಕಿಂಗ್ ಹಾಕಿದ ಮೇಲೂ ಆರು ತಿಂಗಳಿಗೆ ಆ ಮೂಲೆ ಮತ್ತೆ ಹಸಿಯಾಯಿತು. ಎಂಜಿನ್ ಚೊಕ್ಕಟವಾಗಿದ್ದದ್ದಕ್ಕೆ ಈ ಸಲ ಅದು ಮೊದಲ ದಿನವೇ ಕಣ್ಣಿಗೆ ಬಿತ್ತು. ಈ ಬಾರಿ ತಪ್ಪು ಬ್ರೀದರ್ ಪೈಪಿನದು. ಪಿಸ್ಟನ್ ರಿಂಗುಗಳನ್ನು ದಾಟಿ ಒಂದಿಷ್ಟು ಹೊಗೆ ಯಾವಾಗಲೂ ಚೇಂಬರಿಗೆ ಇಳಿಯುತ್ತಿರುತ್ತದೆ. ಅದು ಹೊರಹೋಗಲು ಇರುವ ದಾರಿಯೇ ಬ್ರೀದರ್. ಆ ಪೈಪಿನಲ್ಲಿ ಮಡ್ಡಿ ಕಟ್ಟಿದರೆ ಒಳಗೆ ಒತ್ತಡ ಏರಿ, ಯಾವ ಪ್ಯಾಕಿಂಗ್ ಮೆತ್ತಗಿದೆಯೋ ಅಲ್ಲಿಂದ ಎಣ್ಣೆಯನ್ನು ತಳ್ಳುತ್ತದೆ. ಇದನ್ನು ಬಿಡಿಸದೆ ಎಷ್ಟು ಸೀಲು ಬದಲಿಸಿದರೂ ಒಂದು ನಿಂತಾಗ ಇನ್ನೊಂದು ಶುರುವಾಗುತ್ತದೆ. "ಒಂದು ಕಡೆ ಸರಿ ಮಾಡಿದ್ರೆ ಇನ್ನೊಂದು ಕಡೆ ಸೋರತ್ತೆ, ಹಳೇ ಎಂಜಿನ್ ಹಣೆಬರಹ" ಎಂದು ಜನ ಹೇಳುವುದರ ಹಿಂದೆ ಬಹಳ ಸಲ ಇರುವುದು ಕಟ್ಟಿಕೊಂಡ ಈ ಪೈಪು.

ಎಂಜಿನ್ನಿಗೆ ನೀರು ತಾಗಿಸಬಾರದು, ತೊಳೆದ ಮೇಲೇ ಸೋರಲು ಶುರುವಾಗುತ್ತದೆ ಎಂಬ ವಾದ ಇನ್ನೊಂದು ಕಡೆಯದು. ಇದರಲ್ಲಿ ಅರ್ಧ ನಿಜವಿದೆ. ವಾಟರ್ ಸರ್ವಿಸ್ಸಿನಲ್ಲಿ ಜೋರು ಒತ್ತಡದ ನೀರನ್ನು ಡಿಸ್ಟ್ರಿಬ್ಯೂಟರಿಗೆ, ಆಲ್ಟರ್ನೇಟರಿಗೆ, ಪ್ಲಗ್ ಗುಂಡಿಗೆ ನೇರ ಬಿಟ್ಟರೆ ಗಾಡಿ ಸ್ಟಾರ್ಟ್ ಆಗದೆ ನಿಲ್ಲುವುದು ಖಂಡಿತ. ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಅದು ತೊಳೆಯುವ ಕ್ರಮದ ತಪ್ಪು, ತೊಳೆಯುವುದರದ್ದಲ್ಲ. ಎಂಜಿನ್ ಉಗುರುಬೆಚ್ಚಗಿರುವಾಗ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ವಿದ್ಯುತ್ತಿನ ಭಾಗಗಳಿಗೂ ಏರ್ ಫಿಲ್ಟರಿನ ಬಾಯಿಗೂ ಪ್ಲಾಸ್ಟಿಕ್ ಕಟ್ಟಿ, ಬ್ರಷ್ಷು ಬಟ್ಟೆಯಲ್ಲಿ ಮಾಡಿದರೆ ಒಂದು ಬಕೆಟ್ ನೀರೂ ಬೇಕಾಗುವುದಿಲ್ಲ. ಡೀಸೆಲ್ ಸಿಂಪಡಿಸಿ ಮಿರಮಿರ ಮಿಂಚಿಸುವುದನ್ನು ಮಾತ್ರ ಯಾರೂ ಮಾಡಿಸಬಾರದು. ಅದರ ಜಿಡ್ಡಿಗೆ ವಾರದಲ್ಲೇ ಧೂಳು ಮೆತ್ತುತ್ತದೆ, ರಬ್ಬರ್ ಪೈಪುಗಳೂ ಬೆಲ್ಟೂ ಉಬ್ಬಿ ಹಾಳಾಗುತ್ತವೆ. ಪೆಟ್ರೋಲಿನಲ್ಲಿ ಒರೆಸುವವರೂ ಇದ್ದಾರೆ. ಸೀಟಿನ ಕೆಳಗಿನ ಇಕ್ಕಟ್ಟಿನಲ್ಲಿ ಅದರ ಆವಿ ತುಂಬಿಕೊಂಡಿದ್ದಾಗ ಒಂದು ಕಿಡಿ ಸಾಕು. ಇನ್ನು ತೊಳೆದ ಮೇಲೆ ಸೋರಿತು ಎನ್ನುವುದು: ಅಲ್ಲಿಯವರೆಗೆ ಒಸರಿದ ಎಣ್ಣೆಯನ್ನು ಕೊಳೆ ಹೀರಿಕೊಂಡು ಮುಚ್ಚಿಟ್ಟಿತ್ತು, ಈಗ ಕಾಣಿಸಿತು. ನಮಗೆ ಬೇಕಾದದ್ದೂ ಅದು ಕಾಣಿಸುವುದೇ.

ಸೋರಿಕೆ ಎಂದರೆ ಎಂಜಿನ್ ಆಯಿಲ್ ಒಂದೇ ಎಂದುಕೊಳ್ಳುವುದೂ ತಪ್ಪು. ರಾತ್ರಿ ಗಾಡಿಯ ಅಡಿಗೆ ದೊಡ್ಡದೊಂದು ರಟ್ಟು ಹಾಸಿ, ನಾಲ್ಕು ಚಕ್ರಗಳ ಗುರುತು ಮಾಡಿಟ್ಟರೆ ಬೆಳಿಗ್ಗೆ ಅದೇ ಹೇಳುತ್ತದೆ. ಕಂದು ಇಲ್ಲವೇ ಕಪ್ಪಗಿನದು ಎಂಜಿನ್ನಿನದು. ದಪ್ಪಗಿದ್ದು ಗಂಧಕದ ಘಾಟು ಹೊಡೆದರೆ ಗೇರ್ ಆಯಿಲ್. ಓಮ್ನಿ ಹಿಂದಿನ ಚಕ್ರಗಳಿಂದ ಓಡುವ ಗಾಡಿಯಾದ್ದರಿಂದ ಅದು ಗೇರ್‌ಬಾಕ್ಸಿನದೂ ಆಗಬಹುದು, ಹಿಂದಿನ ಡಿಫರೆನ್ಷಿಯಲ್ಲಿನದೂ ಆಗಬಹುದು. ಹಸಿರೋ ಕೆಂಪೋ ಬಣ್ಣವಿದ್ದು, ಬೆರಳಿಗೆ ಲೋಳೆಯೆನಿಸಿ, ಸಿಹಿ ವಾಸನೆ ಬಂದರೆ ಕೂಲೆಂಟ್. ಅದು ವಿಷ. ನಾಯಿಗಳು ಸಿಹಿಗೆ ನೆಕ್ಕುತ್ತವೆ, ಕೂಡಲೇ ತೊಳೆಯಬೇಕು. ಚಕ್ರದ ಒಳಮೈಯಲ್ಲಿ ನೀರಿನಂಥ ತೆಳುವಾದ, ತುಸು ಹಳದಿಯ ಜಿಡ್ಡು ಕಂಡರೆ ಅದು ಬ್ರೇಕ್ ಆಯಿಲ್. ಆ ದಿನ ಗಾಡಿ ತೆಗೆಯಬಾರದು.

ಬ್ರೇಕ್ ಆಯಿಲ್ ವಿಷಯದಲ್ಲಿ "ಕಡಿಮೆಯಾದಾಗ ಹಾಕಿದರಾಯ್ತು" ಎನ್ನುವುದು ಅಪಾಯದ ಮಾತು. ಮುಚ್ಚಿದ ಪೈಪುಗಳಲ್ಲಿ ಕೂತಿರುವ ಅದು ಆವಿಯಾಗಿ ಹೋಗುವುದಿಲ್ಲ. ಬ್ರೇಕ್ ಪ್ಯಾಡ್ ಸವೆದಂತೆ ಡಬ್ಬಿಯಲ್ಲಿ ಸ್ವಲ್ಪ ಇಳಿಯುತ್ತದೆ, ಅದಕ್ಕಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಅದಕ್ಕೆ ಗಾಳಿಯ ತೇವ ಹೀರುವ ಗುಣವೂ ಇದೆ. ಡಾಟ್ 3 ದರ್ಜೆಯದು ಹೊಸದಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಕಾದರೂ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಆಗುಂಬೆಯಂಥ ಘಾಟಿ ಇಳಿಯುವಾಗ ಬ್ರೇಕು ಎಷ್ಟು ಕಾಯುತ್ತದೆಂದು ಆ ದಾರಿಯಲ್ಲಿ ಗಾಡಿ ಹೊಡೆದವರಿಗೆ ಗೊತ್ತು. ವರ್ಷಗಟ್ಟಲೆ ಬದಲಿಸದ ಆಯಿಲ್ಲಿನ ಮೇಲೇ ಇನ್ನಷ್ಟು ಸುರಿದುಕೊಂಡು ಆ ತಿರುವುಗಳನ್ನು ಇಳಿಯಬಾರದು.

ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕುವ ಉಪಾಯ ಹಳೇ ಡ್ರೈವರುಗಳಿಗೆಲ್ಲ ಗೊತ್ತು. ರಾತ್ರಿ ಕಾಡಿನ ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಮುಟ್ಟಿಸುವ ಉಪಾಯ ಅದು, ನಾನು ಅದನ್ನು ಹಳಿಯುವುದಿಲ್ಲ. ಆದರೆ ಮನೆ ಮುಟ್ಟಿದ ಮೇಲೂ ಅದನ್ನೇ ರಿಪೇರಿ ಎಂದು ಬಿಟ್ಟರೆ, ತೂತು ಮುಚ್ಚಿದ ಪುಡಿಯೇ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ಆಮೇಲೆ ಎಂಜಿನ್ ಕಾಯುತ್ತದೆ, ಹೆಡ್ ಪ್ಯಾಕಿಂಗ್ ಹೋಗುತ್ತದೆ. ಎಷ್ಟೋ ಸಲ ರೇಡಿಯೇಟರ್ ಸರಿಯಾಗೇ ಇರುತ್ತದೆ, ಮುಚ್ಚಳದ ರಬ್ಬರು ಮಾತ್ರ ಸವೆದಿರುತ್ತದೆ.

ದಪ್ಪ ಎಣ್ಣೆ ಹಾಕಿದರೆ ಸೋರುವುದು ನಿಲ್ಲುತ್ತದೆ ಎನ್ನುವವರಿಗೆ ಹೇಳುವುದಿಷ್ಟೇ: ಗಟ್ಟಿಯಾದ ರಬ್ಬರು ಅದರಿಂದ ಮೆತ್ತಗಾಗುವುದಿಲ್ಲ. ಸೋರಿಕೆ ಒಂದಿಷ್ಟು ದಿನ ನಿಧಾನವಾಗುತ್ತದೆ. ಬದಲಿಗೆ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಎಣ್ಣೆ ಮೇಲೇರುವುದು ತಡವಾಗಿ ಎಂಜಿನ್ ಸವೆಯುತ್ತದೆ. "ಒಂದೊಂದೇ ಹನಿ ತಾನೇ" ಎನ್ನುವವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ನಿಮಿಷಕ್ಕೊಂದು ಹನಿಯೆಂದರೆ ದಿನಕ್ಕೆ 1,440. 25 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ಹದಿನೇಳು, ಹದಿನೆಂಟು ದಿನಕ್ಕೆ ಒಂದು ಲೀಟರ್. ಈ ಎಂಜಿನ್ನಿನಲ್ಲಿ ಇರುವುದೇ ಸುಮಾರು ಮೂರು ಲೀಟರ್.

ಇಷ್ಟು ಹೇಳಿದ ಮೇಲೆ ಮೆಕ್ಯಾನಿಕ್‌ಗಳ ಪರವಾಗಿಯೂ ಒಂದು ಮಾತು ಹೇಳಬೇಕು. ನನ್ನ ಮೆಕ್ಯಾನಿಕ್‌ಗೆ ಕೆಲಸ ಗೊತ್ತಿರಲಿಲ್ಲ ಎಂದಲ್ಲ. ತೊಳೆದು, ಒಣಗಿಸಿ, ಓಡಿಸಿ, ಕಾದು ನೋಡುವುದಕ್ಕೆ ಅರ್ಧ ದಿನ ಬೇಕು. ಆ ಅರ್ಧ ದಿನದ ಕೂಲಿ ಕೊಡಲು ನಾವು ತಯಾರಿಲ್ಲ. "ಬರೀ ತೊಳೆದದ್ದಕ್ಕೆ ಇಷ್ಟಾ ಮಾರಾಯಾ?" ಎಂದು ಕೇಳಿದವರಲ್ಲಿ ನಾನೂ ಒಬ್ಬ. ಪ್ಯಾಕಿಂಗ್ ಬದಲಿಸಿದ್ದಕ್ಕೆ ಮರುಮಾತಿಲ್ಲದೆ ಕೊಡುತ್ತೇವೆ, ಎಲ್ಲಿ ಬದಲಿಸಬೇಕು ಎಂದು ಹುಡುಕಿದ್ದಕ್ಕೆ ಕೊಡುವುದಿಲ್ಲ. ಹೀಗಿರುವಾಗ ಅವನು ಅಂದಾಜಿನ ಮೇಲೆ ಕೈ ಹಾಕುವುದು ಸಹಜ.

ಎಲ್ಲ ಒಸರನ್ನೂ ಅಟ್ಟಿಸಿಕೊಂಡು ಹೋಗಬೇಕೆಂದೂ ಅಲ್ಲ. ಫ್ಲೈವೀಲ್ ಕಡೆಯ ಆಯಿಲ್ ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ಅಲ್ಲಿ ಬರೀ ತೇವವಿದ್ದು ಹನಿ ಬೀಳದಿದ್ದರೆ, ಮುಂದೆ ಕ್ಲಚ್ ಪ್ಲೇಟ್ ಹಾಕಿಸುವವರೆಗೆ ಕಾಯಬಹುದು. ಎಣ್ಣೆ ಕ್ಲಚ್ಚಿಗೆ ತಾಗಿ ಏರಿನಲ್ಲಿ ಜಾರತೊಡಗಿದರೆ ಕಾಯುವಂತಿಲ್ಲ. ಪೆಟ್ರೋಲ್ ವಾಸನೆಗಂತೂ ಒಂದು ದಿನವೂ ಕಾಯಬಾರದು. ಈಗ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುತ್ತಾರೆ. ಓಮ್ನಿಯ ಹಳೇ ರಬ್ಬರ್ ಪೈಪುಗಳು ಅದಕ್ಕೆಂದು ಮಾಡಿದವಲ್ಲ. ಹಿಸುಕಿ ನೋಡಿ ಬಿರುಕು ಕಂಡರೆ ಅವತ್ತೇ ಬದಲಿಸಬೇಕು.

ಕೆರೆದ ಮಡ್ಡಿ, ಇಳಿಸಿದ ಹಳೇ ಎಣ್ಣೆ ಎಲ್ಲಿಗೆ ಹೋಗಬೇಕು ಎಂಬುದೂ ಈ ಕೆಲಸದ ಭಾಗವೇ. ನಮ್ಮಲ್ಲಿ ಅದನ್ನು ಬೇಲಿ ಬುಡಕ್ಕೆ, ಗೆದ್ದಲು ಹತ್ತಿದ ಕಂಬಕ್ಕೆ ಸುರಿಯುವ ರೂಢಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯವೇ. ನಿಯಮ ಹಾಗಿರಲಿ, ಬಾವಿ ಇರುವುದು ಅದೇ ಅಂಗಳದ ಕೆಳಗೆ. ನಾನು ಐದು ಲೀಟರಿನ ಕ್ಯಾನಿನಲ್ಲಿ ತುಂಬಿಟ್ಟು, ಹಳೇ ಎಣ್ಣೆ ಒಯ್ಯುವವರು ಬರುವ ಗ್ಯಾರೇಜಿಗೆ ಕೊಟ್ಟು ಬರುತ್ತೇನೆ.

ಮೊನ್ನೆ ಬೆಳಿಗ್ಗೆ ರಟ್ಟು ಎಳೆದು ನೋಡಿದೆ. ಮುಂದಿನ ಅರ್ಧ ಒಣಗಿತ್ತು. ಹಿಂದಿನ ಚಕ್ರಗಳ ನಡುವೆ ಎರಡು ಹನಿ, ದಪ್ಪಗೆ, ಮೂಗಿಗೆ ಹಿಡಿದರೆ ಗಂಧಕದ ಘಾಟು. ಡಿಫರೆನ್ಷಿಯಲ್ಲಿನ ಮುಂದಿನ ಸೀಲ್ ಇರಬೇಕು. ಭಾನುವಾರ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿ ಏರಿಸಿ, ಕೆಳಗೆ ಸ್ಟ್ಯಾಂಡ್ ನಿಲ್ಲಿಸಿ, ಮೊದಲು ಅದರ ಮೈ ತೊಳೆಯಬೇಕು.